ಆಚೆ ಕೋಣೆ

ನಮ್ಮ ಹಿತ್ತಲ ಗೋಡೆಯಾಚೆಯ ಟೀಚರಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ಜನ ಅವರನ್ನು ಸಾಧು ಮಾಡಿಬಿಟ್ಟಿದ್ದಾರೆ. "ಇರುವೆಗೂ ನೋವು ಮಾಡಿದೋರಲ್ಲ" ಎಂದು ಅವರ ಬೀದಿಯ ಹೆಂಗಸೊಬ್ಬರು ನನ್ನೆದುರೇ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆ ಸಾಧು ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿ ಕತ್ತುಗಳನ್ನು ಮಚ್ಚಿನಲ್ಲಿ ಕಚಕ್ ಕಚಕ್ ಎಂದು ಕತ್ತರಿಸುತ್ತಿದ್ದುದನ್ನು ಎಷ್ಟೋ ದಿನ ಕಂಡವಳು ನಾನು.

ಸತ್ತವರನ್ನು ಹೊಗಳಬೇಕು, ಸರಿ. ಆದರೆ ಅವರು ಹೇಗಿದ್ದರೋ ಹಾಗೇ ಹೊಗಳಬೇಕು. ಬೇರೆ ಯಾರನ್ನೋ ಹೊಗಳಿದರೆ ಇವರಿಗೇನು ಬಂತು?

ಅವರದು ನಂಜನಗೂಡಿನಲ್ಲಿ ದೇವಸ್ಥಾನದ ಕಡೆಯ ಬೀದಿ. ನಮ್ಮದು ಅದರ ಬೆನ್ನಿಗಿರುವ ಬೀದಿ. ಎರಡು ಹಿತ್ತಲಿಗೂ ಸೇರಿ ಒಂದೇ ಗೋಡೆ, ಗೋಡೆಯಲ್ಲಿ ತಲೆ ಬಗ್ಗಿಸಿ ದಾಟುವಷ್ಟು ಒಂದು ಬಾಗಿಲು. ನಾನು ಹೆಮ್ಮಿಗೆ ಹಳ್ಳಿಯಿಂದ ಸೊಸೆಯಾಗಿ ಬಂದಾಗಲೇ ಆ ಬಾಗಿಲು ಇತ್ತು, ಆದರೆ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಅತ್ತ ಕಡೆ ಪೂಜೆಯವರು, ಇತ್ತ ಕಡೆ ಬಾಡು ತಿನ್ನುವ ನಾವು. ಗೋಡೆಯ ಮೇಲಿಂದ ಕರಿಬೇವು, ನಿಂಬೆಹಣ್ಣು ಓಡಾಡುತ್ತಿದ್ದವು, ಜನ ಓಡಾಡುತ್ತಿರಲಿಲ್ಲ.

ಟೀಚರಮ್ಮನ ತಮ್ಮ ಅಲ್ಲೇ ಹತ್ತಿರದ ಒಂದು ಸಣ್ಣ ಗುಡಿಯ ಅರ್ಚಕರು. ಮೆತ್ತನೆಯ ಮನುಷ್ಯ. ಅಕ್ಕ ಮಾತ್ರ ಸುಣ್ಣದ ಕಲ್ಲಿನಂಥವರು, ನೀರು ಬಿದ್ದರೆ ಸಾಕು ಕುದಿಯುತ್ತಿದ್ದರು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಕೆಲಸ ಸಿಕ್ಕ ದಿನದಿಂದ ಬಿಟ್ಟ ದಿನದವರೆಗೆ ಬೆಳಿಗ್ಗೆ ಅದೇ ಬಸ್ಸು, ಸಂಜೆ ಅದೇ ಬಸ್ಸು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಮುಹೂರ್ತ ಎಲ್ಲಾ ಬೆಳಗಿನ ಹೊತ್ತೇ ಇಡ್ತಾರೆ ಕಣ್ರೀ, ನನ್ನ ಬಸ್ಸು ತಪ್ಪಿಹೋಗುತ್ತೆ" ಎನ್ನುತ್ತಿದ್ದರು. ಇನ್ನೊಂದು ಸಲ ಯಾರೂ ಕೇಳುತ್ತಿರಲಿಲ್ಲ.

ಕೈಯಲ್ಲಿ ಸದಾ ಸೀಮೆಸುಣ್ಣ ಇದ್ದವರಾದ್ದರಿಂದ ಜಾರಿದ ಕನ್ನಡಕವನ್ನು ಬೆರಳಲ್ಲಿ ಮುಟ್ಟುತ್ತಿರಲಿಲ್ಲ, ಮಣಿಕಟ್ಟಿನಿಂದ ಮೇಲಕ್ಕೆ ತಳ್ಳುತ್ತಿದ್ದರು. ತಳ್ಳಿದರು ಎಂದರೆ ಎದುರಿಗಿದ್ದವರಿಗೆ ಏನೋ ಕಾದಿದೆ ಎಂದೇ ಲೆಕ್ಕ.

ಅವರು ನನ್ನನ್ನೂ ಬಿಟ್ಟವರಲ್ಲ. ನಮ್ಮ ಕಡೆ ಮಾತಿನಲ್ಲಿ ಹಕಾರ ಬರುವುದಿಲ್ಲ. ಹಳ್ಳಿ ಅಳ್ಳಿ, ಹಾಲು ಆಲು. ಗೋಡೆಯಾಚೆಯಿಂದಲೇ ತಿದ್ದುತ್ತಿದ್ದರು. "ಇನ್ನೊಂದ್ಸಲ ಹೇಳು. ಹಾ... ಲು." ನಾನು, "ಆಲು ಅಂದ್ರೂ ಎಮ್ಮೆ ಅದುನ್ನೇ ಕೊಡ್ತದೆ ಬುಡಿ ಟೀಚರಮ್ಮ" ಎಂದೆ. ಒಂದು ವಾರ ಮಾತು ಬಿಟ್ಟರು. ಆಮೇಲೆ ತಾವೇ ಕರೆದು ಕರಿಬೇವು ಕೇಳಿದರು.

ರಿಟೈರ್ ಆದ ದಿನ ಶಾಲೆಯವರು ಶಾಲು ಹೊದಿಸಿ ಕಳಿಸಿದರಂತೆ. ಸಂಜೆ ಬಸ್ಸಿನಿಂದ ಇಳಿದು ಬಂದಾಗ ಶಾಲು ಮೈಮೇಲೆ ಇರಲಿಲ್ಲ, ತೋಳಲ್ಲಿ ಒಂದು ಗಂಟಾಗಿತ್ತು. ಗಂಟಿನೊಳಗೆ ನಾಯಿಮರಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಗಾಲಿಯ ಕೆಳಗೆ ಮಲಗಿತ್ತಂತೆ. ಹಣೆಯ ಮೇಲೆ ದುಂಡಗೆ ಒಂದು ಬಿಳಿ ಮಚ್ಚೆ, ಅದಕ್ಕೇ ಬಿಲ್ಲೆ ಎಂದು ಹೆಸರಿಟ್ಟರು. ಅರ್ಚಕರು ಬೇಡ ಅನ್ನಲಿಲ್ಲ. ಅಕ್ಕನ ಸಂಬಳದಲ್ಲಿ ಓದಿದ ತಮ್ಮ, ಏನು ಅಂದಾರು? "ನಡುಮನೆಯಿಂದ ಒಳಗೆ ಬರಬಾರದು" ಎಂದಷ್ಟೇ ಹೇಳಿದರು.

ಬಿಲ್ಲೆ ಆ ಮನೆಯ ಊಟ ಉಂಡು ಬೆಳೆಯಿತು. ಮೊಸರನ್ನ, ಹಾಲಲ್ಲಿ ನೆನೆಸಿದ ಚಪಾತಿ, ಪುಳಿಯೋಗರೆ, ಹಬ್ಬಕ್ಕೆ ಪಾಯಸ. ಏಕಾದಶಿಯ ದಿನ ಅವಲಕ್ಕಿ. ಮೊದಮೊದಲು ದುಂಡಗಾಯಿತು. ಆಮೇಲೆ ಮೈ ಕೆರೆಯುವುದಕ್ಕೆ ಶುರು. ಕಿವಿಯಿಂದ ವಾಸನೆ, ಬೆನ್ನ ಮೇಲೆ ಕೂದಲು ಉದುರಿ ಕೆಂಪಗೆ ತೊಗಲು. ಮುಲಾಮು ಹಚ್ಚಿದರು, ಸೂಜಿ ಹಾಕಿಸಿದರು, ಬೇವಿನ ಎಣ್ಣೆ ಬಳಿದರು. ಒಂದು ತಿಂಗಳು ಚೆನ್ನಾಗಿರುವುದು, ಮತ್ತೆ ಮೊದಲಿನಂತೆ. ಕೊನೆಗೆ ಎದ್ದು ನಿಲ್ಲುವುದಕ್ಕೂ ಬೇಜಾರು ಮಾಡಿಕೊಳ್ಳುತ್ತಿತ್ತು. ನಾನು ಕಂಡದ್ದನ್ನು ಹೇಳಿಬಿಟ್ಟೆ. "ಇದು ಬದುಕಕಿಲ್ಲ ಟೀಚರಮ್ಮ." ಅವರು ಕನ್ನಡಕ ತಳ್ಳಿದರು. "ಅದನ್ನ ನಾನು ಹೇಳ್ತೀನಿ, ನೀನಲ್ಲ."

ಮೈಸೂರಿನಲ್ಲಿ ಒಬ್ಬ ನಾಯಿ ಡಾಕ್ಟರಮ್ಮನ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ, ನಾಯಿಯನ್ನು ಹಿಡಿದುಕೊಳ್ಳಲು. ಚಿಕ್ಕ ವಯಸ್ಸಿನ ಹುಡುಗಿ, ಚುರುಕಾಗಿದ್ದಳು. "ಅನ್ನ, ಗೋಧಿ, ಹಾಲು ಇದಕ್ಕೆ ಒಗ್ತಿಲ್ಲ ಮೇಡಂ. ಕೋಳಿ ಬೇಯಿಸಿ ಹಾಕಿ, ಮೊಟ್ಟೆ ಹಾಕಿ" ಎಂದಳು.

"ಯಾವ ಒಲೆ ಮೇಲೆ ಬೇಯಿಸೋದು?"

"ಮನೆ ಒಲೆ ಮೇಲೆ."

"ಮನೆ ಒಲೆ ಮೇಲೆ ದೇವರ ನೈವೇದ್ಯ ಆಗುತ್ತೆ." ಟೀಚರಮ್ಮ ಕನ್ನಡಕ ತಳ್ಳಿದರು. "ಹಸೀದೇ ಹಾಕಿದ್ರೆ? ಒಲೆ ಮೈಲಿಗೆ ಆಗೋದು ಬೇಯಿಸಿದ್ರೆ ತಾನೇ?"

ಡಾಕ್ಟರಮ್ಮ ನನ್ನ ಮುಖ ನೋಡಿದಳು. ನಾನು ನಾಯಿಯ ಮುಖ ನೋಡಿದೆ. "ನನಗೆ ಅದು ಅಷ್ಟು ಇಷ್ಟ ಇಲ್ಲ ಮೇಡಂ, ಹಸಿ ಮಾಂಸದಲ್ಲಿ ಕ್ರಿಮಿ ಇರುತ್ತೆ, ನಿಮಗೂ ಅಂಟಬಹುದು" ಎಂದು ಹೇಳಿ, ಆದರೂ ಮಾಡುವುದಾದರೆ ಹೇಗೆ ಎಂದು ವಿವರಿಸಿದಳು. ನಂಬಿಕೆಯ ಅಂಗಡಿಯಿಂದ ತಾಜಾ ತರಬೇಕು, ಕೆಲವು ದಿನ ಫ್ರೀಜರಿನಲ್ಲಿ ಗಟ್ಟಿಯಾಗಿಸಬೇಕು, ಅನ್ನ ಕಡಿಮೆ ಮಾಡುತ್ತಾ ಇದನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು, ಕೈ ಪಾತ್ರೆ ಸೋಪಲ್ಲಿ ತೊಳೆಯಬೇಕು, ಬೇಯಿಸಿದ ಮೂಳೆ ಮಾತ್ರ ಯಾವತ್ತೂ ಹಾಕಬಾರದು, ಭೇದಿ ನಿಲ್ಲದಿದ್ದರೆ ತಕ್ಷಣ ಕರೆತರಬೇಕು. ಟೀಚರಮ್ಮ ಪಾಠ ಒಪ್ಪಿಸಿಕೊಳ್ಳುವವರಂತೆ ಎಲ್ಲದಕ್ಕೂ ತಲೆಯಾಡಿಸಿದರು.

ಮರುದಿನ ಆ ಗೋಡೆಯ ಬಾಗಿಲು ತೆರೆಯಿತು. ಕೀಲು ತುಕ್ಕು ಹಿಡಿದಿತ್ತು, ಟೀಚರಮ್ಮ ಒದ್ದು ತೆಗೆದರು.

"ನಿನ್ನ ಫ್ರಿಜ್ಜಲ್ಲಿ ಒಂದು ಡಬ್ಬಿ ಜಾಗ ಬೇಕು. ಹಿತ್ತಲಲ್ಲಿ ಕಲ್ಲು ಬೇಕು."

"ನೀವು ಮುಟ್ಟೀರಾ ಅದ್ನ?"

"ಇಷ್ಟು ವರ್ಷ ಮಕ್ಕಳಿಗೆ ಕಪ್ಪೆ ಕೊಯ್ದು ತೋರಿಸಿದೀನಿ. ಕೋಳಿ ಏನು ಮಹಾ."

"ನಮ್ಮೊಲೇಲೇ ಬೇಯಿಸ್ಕೊಡ್ತೀನಿ ಬುಡಿ. ಅಸಿದು ಯಾಕೆ?"

"ಮೊದಲು ಹಸಿ ಅನ್ನು. ಅಸಿ ಅಂದ್ರೆ ಕತ್ತಿ. ನಾಯಿಗೆ ಕತ್ತಿ ಹಾಕ್ತಾರೆ ಅಂತ ಊರಿಗೆಲ್ಲ ಸಾರಬೇಡ." ಕನ್ನಡಕ ಮೇಲೆ ಹೋಯಿತು. "ಒಂದು ವಾರ ನಿನ್ನ ಸೊಸೆ ಬೇಯಿಸಿ ಕೊಡ್ತಾಳೆ. ಎರಡನೇ ವಾರ ಮುಖ ಊದಿಸ್ತಾಳೆ. ಇನ್ನೊಬ್ಬರ ಒಲೆ ಹಂಗು ನನಗೆ ಬೇಡ ಕಣಮ್ಮ."

ನನ್ನ ಸೊಸೆ ಒಳಗಿನಿಂದ ಕೇಳಿಸಿಕೊಂಡು, "ಎರಡ್ನೇ ವಾರದ ತನಕ ಯಾಕೆ ಕಾಯೋದು" ಎಂದಳು. ಇಬ್ಬರಿಗೂ ಅಂದಿನಿಂದಲೇ ಸರಿಹೋಯಿತು.

ಕೋಳಿ ಅಂಗಡಿಗೂ ತಾವೇ ಹೋದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಸ್ಟೀಲ್ ಡಬ್ಬಿ. ಅಂಗಡಿಯವನು ನರಸೀಪುರದಲ್ಲಿ ಇವರ ಹತ್ತಿರವೇ ಓದಿ ಫೇಲಾದವನು. ಮಚ್ಚು ಕೆಳಗಿಟ್ಟು ಎದ್ದು ನಿಂತ.

"ಮೇಡಂ, ನಿಮ್ಗಾ?"

"ಹೌದು ಕಣೋ, ನಮ್ಮನೇಲಿ ಬೀಗರೂಟ. ಕತ್ತು, ಕಾಲು, ಈಲಿ. ನಿನ್ನೇದು ಕೊಟ್ಟೆ ಅಂದ್ರೆ ಇನ್ನೊಂದ್ಸಲ ಫೇಲ್ ಮಾಡ್ತೀನಿ."

ಬೀದಿಗೆಲ್ಲ ಸುದ್ದಿಯಾಯಿತು. ಟೀಚರಮ್ಮ ಮುಚ್ಚಿಡಲೇ ಇಲ್ಲ, ಅದೇ ಅವರ ಜೋರು. ಎದುರಿಗೆ ಸಿಕ್ಕಿ "ಏನು ಡಬ್ಬಿಯಲ್ಲಿ?" ಎಂದು ನಗುತ್ತಾ ಕೇಳಿದವರಿಗೆ ಮುಚ್ಚಳ ತೆಗೆದು ತೋರಿಸುತ್ತಿದ್ದರು. ಬೆಳಿಗ್ಗೆ ಬಿಲ್ಲೆಯನ್ನು ಹೊಳೆಯ ಕಡೆ ಕರೆದುಕೊಂಡು ಹೋಗಿ, ಅದು ಕೂತೆದ್ದ ಮೇಲೆ ಕಡ್ಡಿ ಹಿಡಿದು ಬಗ್ಗಿ ಪರೀಕ್ಷೆ ಮಾಡುತ್ತಿದ್ದರು. ಒಂದು ಅರಿಶಿನ ಕುಂಕುಮಕ್ಕೆ ಹೋದ ಕಡೆ ಯಾರೋ ಸೌಜನ್ಯಕ್ಕೆ "ನಾಯಿ ಹೇಗಿದೆ?" ಎಂದರಂತೆ. ಇವರು ಕೋಸಂಬರಿ ಕೈಯಲ್ಲಿ ಹಿಡಿದುಕೊಂಡೇ, "ಮೊನ್ನೆವರೆಗೆ ನೀರಾಗಿತ್ತು, ಇವತ್ತು ಗಟ್ಟಿಯಾಗಿದೆ" ಎಂದು ವಿವರವಾಗಿ ಹೇಳಿದರಂತೆ. ಆಮೇಲೆ ಆ ಮನೆಯಿಂದ ಕರೆಯಲಿಲ್ಲ.

ಬಿಲ್ಲೆಗೆ ಮಾತ್ರ ಮೊದಲಿಗೆ ತಲೆಬುಡ ತಿಳಿಯಲಿಲ್ಲ. ಮೊಸರನ್ನ ಉಂಡು ಬೆಳೆದದ್ದು, ಕೋಳಿ ಕಾಲು ಎಂದರೆ ಏನೆಂದು ಅದಕ್ಕೇನು ಗೊತ್ತು? ಅನ್ನದೊಳಗೆ ಸಣ್ಣಗೆ ಹೆಚ್ಚಿ ಕಲಸಿದ ಈಲಿಯನ್ನು, ಅದೇ ಲಿವರನ್ನು, ನೆಕ್ಕಿತು. ಇಡೀ ಕಾಲನ್ನು ಕೊಟ್ಟ ದಿನ ಮೂಸಿತು, ಬಾಯಲ್ಲಿ ಕಚ್ಚಿಕೊಂಡು ಸುಮ್ಮನೆ ಅತ್ತಿಂದಿತ್ತ ತಿರುಗಿತು. ನಾವಿಬ್ಬರೂ ಮಾತಾಡುತ್ತಾ ಕಣ್ಣು ತಪ್ಪಿಸಿದ ಹೊತ್ತಿನಲ್ಲಿ ಗೋಡೆಯ ಬಾಗಿಲಿನಿಂದ ಆಚೆ ನುಗ್ಗಿ, ತನಗೆ ಇಷ್ಟವಾದ ಮೆತ್ತನೆ ಮಣ್ಣು ಹುಡುಕಿ ಹೂತಿಟ್ಟು ಬಂದಿತು.

ಹೂತಿಟ್ಟದ್ದು ತುಳಸಿಕಟ್ಟೆಯಲ್ಲಿ.

ಮರುದಿನ ಬೆಳಿಗ್ಗೆ ಅರ್ಚಕರು ಮಡಿಯುಟ್ಟು ತುಳಸಿಗೆ ನೀರು ಹಾಕಿದರಂತೆ. ಮಣ್ಣು ಕರಗಿ ನಾಲ್ಕು ಬೆರಳು ಮೇಲೆದ್ದವು. ಅವರು ಕೂಗಿದ ಕೂಗಿಗೆ ನಾನು ಒಲೆ ಬಿಟ್ಟು ಓಡಿದೆ. ಯಾರನ್ನೋ ಹಾವು ಕಚ್ಚಿತೆಂದುಕೊಂಡಿದ್ದೆ.

ಮೆತ್ತನೆಯ ಮನುಷ್ಯ ಅವತ್ತು ಮೆತ್ತಗಿರಲಿಲ್ಲ. "ಅಕ್ಕ, ಇಷ್ಟು ದಿನ ನಾನು ಬಾಯಿ ಬಿಡಲಿಲ್ಲ. ಬೀದೀಲಿ ಜನ ನಗ್ತಾರೆ, ಗುಡೀಲಿ ಕೇಳ್ತಾರೆ, ಸಹಿಸಿಕೊಂಡೆ. ಇನ್ನು ಆಗಲ್ಲ. ಆ ನಾಯಿ ಈ ಮನೇಲಿ ಇರಬಾರದು."

ಟೀಚರಮ್ಮ ಕಾಲನ್ನು ಮಣ್ಣಿನಿಂದ ಎಳೆದು ತೆಗೆದರು. "ಇದರಿಂದ ತುಳಸಿಗೇನೂ ಆಗಲ್ಲ. ಗೊಬ್ಬರ ಒಳ್ಳೇದೇ."

"ಅಕ್ಕ!"

"ಸರಿಯಪ್ಪ. ನಾಯಿ ಇರಲ್ಲ. ಕೂಗಬೇಡ, ಬಿಪಿ ಇದೆ ನಿನಗೆ."

ಅರ್ಚಕರು ಹಾಗೇ ಕಪಿಲೆಗೆ ಹೋಗಿ ಮುಳುಗು ಹಾಕಿ ಬಂದರು. ಬಿಲ್ಲೆ ನಮ್ಮ ಹಿತ್ತಲಿಗೆ ಬಂತು.

ಎರಡು ತಿಂಗಳು ನಮ್ಮಲ್ಲಿತ್ತು. ಟೀಚರಮ್ಮ ಎರಡು ಹೊತ್ತೂ ಬಂದು ತಾವೇ ಕತ್ತರಿಸಿ, ತಾವೇ ಹಾಕಿ, ಕಲ್ಲನ್ನು ಸೋಪು ಹಾಕಿ ಉಜ್ಜಿ ಹೋಗುತ್ತಿದ್ದರು. ನಾಯಿ ತಿನ್ನಲು ಕಲಿತುಕೊಂಡಿತು. ಮೂಳೆ ಅಗಿಯುವ ಸದ್ದು ನಮ್ಮ ಅಡಿಗೆ ಮನೆಯವರೆಗೆ ಕೇಳುತ್ತಿತ್ತು. ಕಿವಿಯ ವಾಸನೆ ಹೋಯಿತು. ಕೆರೆಯುವುದು ಅರ್ಧಕ್ಕೆ ಇಳಿಯಿತು. ಬೆನ್ನ ಮೇಲೆ ನವಣೆ ಮೊಳಕೆಯ ಹಾಗೆ ಸಣ್ಣ ಕೂದಲು ಬಂತು. ಟೀಚರಮ್ಮ ನನ್ನ ಕೈ ಹಿಡಿದು ಅಲ್ಲಿ ಇಡಿಸಿ, "ಬದುಕಲ್ಲ ಅಂದ್ಯಲ್ಲ, ಮುಟ್ಟಿ ನೋಡು" ಎಂದರು.

ಅಷ್ಟರಲ್ಲಿ ಶ್ರಾವಣ ಬಂತು.

ನಾವು ಬಾಡು ತಿನ್ನುವವರು ನಿಜ. ಆದರೆ ಶ್ರಾವಣ ಎಂದರೆ ಶ್ರಾವಣವೇ. ಮನೆ ತೊಳೆದು, ಬಾಡಿನ ಪಾತ್ರೆ ಅಟ್ಟಕ್ಕೆ ಹಾಕಿ, ಫ್ರಿಜ್ಜನ್ನು ಖಾಲಿ ಮಾಡಿ ಒರೆಸಿದರೆ, ಒಂದು ತಿಂಗಳು ಮೊಟ್ಟೆಯೂ ಒಳಗೆ ಬರುವಂತಿಲ್ಲ. ನನ್ನ ಅತ್ತೆ ಹಾಗೇ ಮಾಡಿದರು, ನಾನೂ ಹಾಗೇ ಮಾಡಿದೆ, ನನ್ನ ಸೊಸೆಯೂ ಹಾಗೇ ಮಾಡುತ್ತಾಳೆ. ನಾನು ಡಬ್ಬಿಯನ್ನು ಅವರ ಕೈಗೆ ಕೊಟ್ಟು ಹೇಳಿದೆ.

"ನಾಯಿ ಇರ್ಲಿ. ಇದು ಒಂದು ತಿಂಗ್ಳು ಬ್ಯಾಡ. ಅನ್ನ ಆಕಿ."

"ಅನ್ನ ಹಾಕಿದ್ರೆ ಮತ್ತೆ ಕೆರೆಯುತ್ತೆ. ಈಗ ತಾನೇ ಚಿಗುರ್ತಿದೆ."

"ನಮ್ಮನೇಲಿ ಸ್ರಾವಣ ಕಣ್ರೀ."

"ಹುಟ್ಟಿದಾಗಿಂದ ನನಗೆ ಹನ್ನೆರಡು ತಿಂಗಳೂ ಶ್ರಾವಣ. ನನಗೆ ಹೇಳಿಕೊಡ್ತೀಯಾ?"

"ನಿಮ್ಗೆ ದಿನಾ ಇರೋದ್ಕೇ ಬೆಲೆ ಇಲ್ಲ. ನಮ್ಗೆ ಒಂದೇ ತಿಂಗ್ಳು, ಅದುನ್ನ ಬುಡಕಿಲ್ಲ."

ನಾನು ತಪ್ಪು ಮಾತಾಡಿದೆ ಎಂದು ಇವತ್ತೂ ಅನ್ನಿಸುವುದಿಲ್ಲ. ಟೀಚರಮ್ಮನಿಗೂ ಅನ್ನಿಸಲಿಲ್ಲ ಎಂದು ಕಾಣುತ್ತದೆ. ಕನ್ನಡಕ ಜಾರಿದ್ದು ಜಾರಿದಂತೆಯೇ ಇತ್ತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ನಾಯಿಯ ಸರಪಳಿ ಹಿಡಿದು ಗೋಡೆಯ ಬಾಗಿಲಲ್ಲಿ ನಿಂತರು. ಅತ್ತ ದೇವರ ಮನೆ, ಇತ್ತ ಶ್ರಾವಣ. ಎಲ್ಲಿಗೆ ಹೋಗಬೇಕು? ನಾನೂ ನೋಡುತ್ತಾ ನಿಂತೆ.

ಅವರ ಹಿತ್ತಲಿನ ಮೂಲೆಯಲ್ಲಿ, ಬಚ್ಚಲಿಗೆ ಅಂಟಿಕೊಂಡು, ಒಂದು ಕೋಣೆ ಇತ್ತು. ಒಂದೇ ಬಾಗಿಲು, ಕೈ ಅಗಲದ ಒಂದು ಕಿಟಕಿ. ಹೆಂಗಸರು ಮುಟ್ಟಾದಾಗ ಆಚೆ ಕೂರುತ್ತಿದ್ದ ಕೋಣೆ. ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಊಟ ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಟೀಚರಮ್ಮ ಹುಡುಗಿಯಾಗಿದ್ದಾಗ ಅಲ್ಲಿ ಕೂತವರು. ಕೆಲಸಕ್ಕೆ ಸೇರಿದ ಮೇಲೂ, ಹಗಲೆಲ್ಲ ನರಸೀಪುರದಲ್ಲಿ ಪಾಠ ಹೇಳಿ ಬಂದು ಸಂಜೆ ಅಲ್ಲಿಗೇ ಹೋಗುತ್ತಿದ್ದರಂತೆ. "ಬಸ್ಸಲ್ಲಿ ನೂರು ಜನ ಮೈಮೇಲೆ ಬೀಳೋರು. ಮನೆಗೆ ಬಂದ್ರೆ ಅಮ್ಮ ದೂರ ದೂರ ಅನ್ನೋಳು" ಎಂದು ಒಮ್ಮೆ ನನಗೆ ಹೇಳಿದ್ದರು. ಈಗ ಆ ಪದ್ಧತಿ ಯಾರೂ ಮಾಡುವುದಿಲ್ಲ. ಕೋಣೆಯ ತುಂಬ ತೆಂಗಿನ ಗರಿ, ಒಡೆದ ಕೊಡ ತುಂಬಿಕೊಂಡಿದ್ದವು.

ಟೀಚರಮ್ಮ ನಾಯಿಯನ್ನು ಎಳೆದುಕೊಂಡು ನೇರ ಅಲ್ಲಿಗೆ ನಡೆದರು. ಚಿಲಕ ತೆಗೆದು ಗರಿಗಳನ್ನು ಒಂದೊಂದಾಗಿ ಹೊರಗೆ ಎಸೆಯತೊಡಗಿದರು. ಸದ್ದು ಕೇಳಿ ಅರ್ಚಕರು ಬಂದರು. ನಾಯಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು.

"ಏನಕ್ಕ ಇದು? ಮನೇಲಿ ಇರಬಾರದು ಅಂದಿದ್ದೆ."

"ಮನೇಲಿ ಎಲ್ಲಿದೆ? ಇದು ಆಚೆ ಕೋಣೆ. ಇಲ್ಲಿ ಕೂತೋರ ಮೈಲಿಗೆ ಮನೆಗೆ ತಟ್ಟಲ್ಲ. ಅಜ್ಜಿ ಹೇಳಿದ್ರು, ಅಮ್ಮ ಹೇಳಿದ್ರು, ನೀನೂ ಹೊಸ್ತಿಲಾಚೆ ನಿಂತು ನನಗೆ ನೀರು ಕೊಟ್ಟಿದೀಯ. ತಟ್ಟಲ್ಲ ತಾನೇ?"

ಅರ್ಚಕರು ಕಾಲಿಗೆ ಅಡ್ಡಬಿದ್ದ ಗರಿಯೊಂದನ್ನು ಪಕ್ಕಕ್ಕೆ ಸರಿಸಿದರು.

"ತಟ್ಟುತ್ತೆ ಅಂದ್ರೆ ಈಗಲೇ ಹೇಳಿಬಿಡು. ಅಷ್ಟು ವರ್ಷ ನಮ್ಮನ್ನ ಇಲ್ಲಿ ಕೂರಿಸಿದ್ದು ಸುಮ್ಮನೆ ಅಂತ ಆಯ್ತು. ತಟ್ಟಲ್ಲ ಅಂದ್ರೆ, ನಾನೂ ಬಿಲ್ಲೆಯೂ ಇಲ್ಲೇ ಇರ್ತೀವಿ. ಒಳಗೆ ಬರಲ್ಲ. ಊಟ ಹೊಸ್ತಿಲಲ್ಲಿ ಇಡಿ, ನನಗೆ ಅಭ್ಯಾಸ ಇದೆ."

ಎರಡು ಕಡೆಯೂ ಬಾಗಿಲು ಮುಚ್ಚಿತು ಎಂದು ನಾನು ಅಂದುಕೊಂಡ ಹೊತ್ತಿಗೆ ಈ ಹೆಂಗಸು ಮೂರನೇ ಬಾಗಿಲು ತೆಗೆದಾಗಿತ್ತು. ಅರ್ಚಕರು ಹೊರಗಿನಿಂದಲೇ ಬಗ್ಗಿ ಕೋಣೆ ನೋಡಿ, "ಚೇಳು ಗೀಳು ಇರುತ್ತೆ, ನೋಡಿಕೊಂಡು ಗುಡಿಸು" ಎಂದು ಹೇಳಿ ಒಳಗೆ ಹೋದರು.

ಒಂದು ತಿಂಗಳಿಗೆಂದು ಹೋದವರು ಮತ್ತೆ ಬರಲಿಲ್ಲ. ಕೋಣೆಗೆ ಸುಣ್ಣ ಹೊಡೆಸಿದರು, ಕಿಟಕಿ ಒಡೆಸಿ ದೊಡ್ಡದು ಮಾಡಿಸಿದರು, ಮಂಚ ಹಾಕಿಸಿದರು, ಒಂದು ಪುಟ್ಟ ಫ್ರಿಜ್ಜು ಇಟ್ಟುಕೊಂಡರು. ತಮ್ಮನ ಹೆಂಡತಿ ಊಟದ ತಟ್ಟೆ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದವಳು, ನಿಧಾನಕ್ಕೆ ಹೊಸ್ತಿಲ ಮೇಲೆ ಕೂರತೊಡಗಿದಳು, ಆಮೇಲೆ ಮಂಚದ ಮೇಲೆ. "ಹೊಸದಾಗಿ ಮದುವೆಯಾಗಿ ಬಂದಾಗ ಇಲ್ಲಿ ಕೂತು ಅತ್ತಿದ್ದೆ ಅತ್ತಿಗೆ. ಇಲ್ಲಿ ಇಷ್ಟು ಗಾಳಿ ಬರುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದಳು. "ಕಿಟಕಿ ಒಡೆಸಿದ್ದು ನಾನು. ಗಾಳಿ ಹೊಸದು" ಎಂದರು ಟೀಚರಮ್ಮ. ನಾನೂ ಸಂಜೆ ಹೋಗಿ ಕೂರುತ್ತಿದ್ದೆ. ಮೂವರು ಹೆಂಗಸರು, ಒಂದು ನಾಯಿ. ಮನೆಯ ಒಳಗೆ ಆಡಲಾಗದ ಮಾತೆಲ್ಲ ಅಲ್ಲಿ ಆಡಿದ್ದೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬಿಲ್ಲೆಯ ಮೈ ಮಿಂಚತೊಡಗಿತು. ಒಮ್ಮೆ ಮೂಳೆ ಗಂಟಲಿಗೆ ಸಿಕ್ಕಿ ನಮ್ಮೆಲ್ಲರ ಜೀವ ಹೋಗಿ ಬಂತು, ಅಂದಿನಿಂದ ಟೀಚರಮ್ಮ ಕತ್ತನ್ನು ಜಜ್ಜಿಯೇ ಹಾಕುತ್ತಿದ್ದರು. ಮೈಸೂರಿನ ಡಾಕ್ಟರಮ್ಮ ನೋಡಿ, "ಎಲ್ಲರಿಗೂ ಇದು ಹೇಳಲ್ಲ ಮೇಡಂ, ನಿಮ್ಮಷ್ಟು ಶುಚಿ ಯಾರೂ ಮಾಡಲ್ಲ" ಎಂದಳು. "ಮಡಿ ಮನೆಯವಳಮ್ಮ ನಾನು" ಎಂದರು ಇವರು.

ಅರ್ಚಕರು ಮಾತ್ರ ಒಳಗೆ ಬರಲಿಲ್ಲ. ದಿನವೂ ಸಂಜೆ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದರು. ಗುಡಿಯ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ನಿಂತೇ ಹೇಳಿ ಹೋಗುತ್ತಿದ್ದರು. ಟೀಚರಮ್ಮ ಬಾ ಎಂದು ಕರೆಯಲೂ ಇಲ್ಲ. ಅವರು ಹೋದ ಮೇಲೆ ಆ ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು. ಕೇಳಿದರೆ, "ಏನಿಲ್ಲ, ಕಾಲು ನೋಯುತ್ತೆ ಅವನಿಗೆ" ಎನ್ನುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಹೋದ ವರ್ಷ ಟೀಚರಮ್ಮ ಮಲಗಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಆಸ್ಪತ್ರೆಯಲ್ಲಿ. ಮನೆಗೆ ಕರೆತಂದಾಗ ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿದ್ದರು. ಇವರು ಕೈ ತೋರಿಸಿದ್ದು ಹಿತ್ತಲಿಗೆ.

ಬಿಲ್ಲೆಗೂ ವಯಸ್ಸಾಗಿತ್ತು. ಅವರು ಮಲಗಿದಾಗಿನಿಂದ ಅದೂ ತಿನ್ನುವುದು ಬಿಟ್ಟಿತು. ನಾನು ಕತ್ತನ್ನು ಜಜ್ಜಿ ಮುಂದೆ ಹಿಡಿದರೆ ಮುಖ ತಿರುಗಿಸುತ್ತಿತ್ತು. ನನ್ನ ಕೈಯಲ್ಲಿ ಎಷ್ಟೋ ಸಲ ತಿಂದ ನಾಯಿ. "ಎಂಗಾದ್ರೂ ಮಾಡ್ಕೊ ಓಗು" ಎಂದು ಬೈದೆ. ಅರ್ಚಕರ ಹೆಂಡತಿ ಕೊಟ್ಟಳು, ಅದಕ್ಕೂ ಇಲ್ಲ. ಟೀಚರಮ್ಮ ಮಂಚದ ಮೇಲಿಂದ ಕೈ ಚಾಚಲು ನೋಡಿದರು, ಕೈ ಏಳಲಿಲ್ಲ. ಅಳುವವರಲ್ಲ ಅವರು. ಆ ಕೈಯನ್ನೇ ಸಿಟ್ಟಿನಿಂದ ನೋಡಿಕೊಂಡರು.

ಸಂಜೆ ಅರ್ಚಕರು ಬಂದು ಎಂದಿನಂತೆ ಹೊಸ್ತಿಲಾಚೆ ನಿಂತರು. ಮಡಿಪಂಚೆ ಉಟ್ಟಿದ್ದರು, ಗುಡಿಗೆ ಹೊರಟಿದ್ದರು.

"ಮೂರು ದಿನದಿಂದ ಅದು ತಿಂದಿಲ್ಲ" ಎಂದರು ಟೀಚರಮ್ಮ. ದನಿ ಸಣ್ಣಗಾಗಿತ್ತು, ಹೇಳುವ ಧಾಟಿ ಮಾತ್ರ ಹಾಗೇ ಇತ್ತು. "ನೀನು ಕೊಡು."

"ನಾನಾ?"

"ನನ್ನ ಕೈ ಇದ್ದ ಹಾಗೇ ನಿನ್ನ ಕೈ. ಬೆರಳು ನೋಡು, ಒಂದೇ ಥರ. ಅದಕ್ಕೆ ಗೊತ್ತಾಗುತ್ತೆ."

ನಾನು ಮಧ್ಯೆ ಬಾಯಿ ಹಾಕಿದೆ. "ಬ್ಯಾಡ ಬುಡಿ ಸ್ವಾಮಿ, ಪೂಜೆಗೆ ಒರಟಿದ್ದೀರಿ."

ಅರ್ಚಕರು ನನ್ನ ಮಾತು ಕೇಳಿದಂತೆ ಕಾಣಲಿಲ್ಲ. ಅಕ್ಕನ ಮುಖ ನೋಡುತ್ತಿದ್ದರು. ಮೊದಲು ಒಂದು ಕಾಲು ಒಳಗೆ ಇಟ್ಟರು, ಆಮೇಲೆ ಇನ್ನೊಂದು. ಪಂಚೆ ಎತ್ತಿ ಕಟ್ಟಿ, ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತರು. ನಾನು ತಟ್ಟೆ ಸರಿಸಿದೆ. ಕಣ್ಣು ಅತ್ತ ತಿರುಗಿಸಿಕೊಂಡು, ಎಡಗೈಯ ಎರಡು ಬೆರಳ ತುದಿಯಲ್ಲಿ ಒಂದು ತುಂಡು ಹಿಡಿದು ಬಿಲ್ಲೆಯ ಮುಂದೆ ಚಾಚಿದರು. ಬಿಲ್ಲೆ ಮೂಸಿತು, ತಿನ್ನಲಿಲ್ಲ.

ಮಂಚದ ಮೇಲಿಂದ ಮಾತು ಬಂತು.

"ಎಡಗೈಲಿ ಕೊಡಬೇಡ ಕಣೋ. ಅದು ಊಟ."

ಅರ್ಚಕರು ತಮ್ಮ ಬಲಗೈಯನ್ನು ಒಂದು ಗಳಿಗೆ ನೋಡಿಕೊಂಡರು. ಆಮೇಲೆ ಕೈ ಬದಲಿಸಿದರು.